ಬಿಸಿಯೇರಿದೊಡನೆ ಮುನಿಯುವ ಮೋಟಾರು ಸೈಕಲ್

ಮುಂಜಾನೆ ಒಂದೇ ಒದೆತಕ್ಕೆ ಎಚ್ಚೆತ್ತು, ಗಂಭೀರವಾಗಿ ಗುಡುಗುಡಿಸುತ್ತ ಬೀದಿಯ ತಿರುವನ್ನು ದಾಟಿಹೋಗುವ ಮೋಟಾರು ಸೈಕಲ್ಲನ್ನು ಕಂಡವರಾರೂ ಅದರಲ್ಲಿ ದೋಷವುಂಟೆಂದು ಹೇಳಲಾರರು. ಮೈಸೂರಿನಿಂದ ನಂಜನಗೂಡಿಗೆ ಹೊರಟ ದಂಪತಿಗಳನ್ನು ಹೊತ್ತು ಅದು ಹತ್ತು ಹನ್ನೆರಡು ಕಿಲೋಮೀಟರು ಸುಖವಾಗಿಯೇ ಓಡುತ್ತದೆ. ಕಡಕೊಳ ಹತ್ತಿರವಾಗುತ್ತಿರುವಂತೆ ಅದರ ಉಸಿರು ಒಮ್ಮೆ ಎಡವುತ್ತದೆ, ಮತ್ತೊಮ್ಮೆ ಎಡವುತ್ತದೆ, ಆಮೇಲೆ ಪೂರ್ಣ ಮೌನ. ಸವಾರರು ಬೆವರಿಳಿಯುವವರೆಗೆ ಒದೆಯುತ್ತಾರೆ. ಪ್ರಯೋಜನವಿಲ್ಲ. ಮರದ ನೆರಳಿನಲ್ಲಿ ಅರ್ಧ ಗಂಟೆ ಕಳೆದ ಮೇಲೆ, ನಿರಾಶೆಯಿಂದ ಕೊನೆಯ ಬಾರಿಗೆಂದು ಒದ್ದರೆ, ಏನೂ ನಡೆಯಲಿಲ್ಲವೆಂಬಂತೆ ಎಂಜಿನು ಮತ್ತೆ ಹಾಡತೊಡಗುತ್ತದೆ!

ಮರುದಿನ ಗ್ಯಾರೇಜಿನಲ್ಲಿ ನಡೆಯುವುದು ಇದಕ್ಕಿಂತಲೂ ಸೋಜಿಗದ ಪ್ರಸಂಗ. ಮೆಕ್ಯಾನಿಕ್ಕನು ಒಂದು ಸುತ್ತು ಓಡಿಸಿ ಬಂದು, “ಗಾಡಿ ಚೆನ್ನಾಗಿಯೇ ಇದೆಯಲ್ಲ ಸಾರ್!” ಎನ್ನುತ್ತಾನೆ. ವೈದ್ಯರ ಮನೆಯ ಬಾಗಿಲಿಗೆ ಬಂದೊಡನೆ ಮಾಯವಾಗುವ ಹಲ್ಲುನೋವಿನಂತೆ, ರೋಗವು ಪರೀಕ್ಷಕನ ಎದುರಿಗೆ ಅಡಗಿ ಕುಳಿತಿರುತ್ತದೆ. ಆದರೂ ಏನಾದರೂ ಮಾಡಬೇಕಲ್ಲ! ಹೊಸ ಪ್ಲಗ್ಗು ಬರುತ್ತದೆ. ಮುಂದಿನ ವಾರ ಹೊಸ ಬ್ಯಾಟರಿ. ಅದರ ಮುಂದಿನ ತಿಂಗಳು ಕಾರ್ಬುರೇಟರೇ ಬದಲಾಗುತ್ತದೆ. ಸಂಬಳದ ಹಣದಲ್ಲಿ ಒಂದು ಪಾಲು ಕರಗುತ್ತದೆ, ರೋಗ ಮಾತ್ರ ಹಾಗೆಯೇ ಉಳಿಯುತ್ತದೆ.

ಹಣದ ಮಾತು ಹಾಗಿರಲಿ. ಲಾರಿಯೊಂದನ್ನು ಹಿಂದಿಕ್ಕುತ್ತಿರುವಾಗಲೋ, ರೈಲ್ವೆ ಗೇಟಿನ ನಡುವೆಯೋ, ಕತ್ತಲಾದ ಮೇಲೆ ಘಟ್ಟದ ತಿರುವಿನಲ್ಲೋ ಎಂಜಿನು ಹೀಗೆ ಕೈಬಿಟ್ಟರೆ ಒದಗುವ ಅಪಾಯವನ್ನು ವಿವರಿಸಬೇಕಾಗಿಲ್ಲ. ಹಿಂದಿನ ಆಸನದಲ್ಲಿ ಹೆಂಡತಿ ಮಕ್ಕಳು ಕುಳಿತಿರುವಾಗ ‘ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಹೋಗುತ್ತದೆ’ ಎಂಬ ಸಮಾಧಾನ ಸಾಲದು.

ಈ ವ್ಯಾಧಿಗೆ ಮದ್ದಿಲ್ಲವೆಂದಲ್ಲ. ಅದನ್ನು ಕಂಡುಹಿಡಿಯುವ ಹೊತ್ತು ತಪ್ಪುತ್ತಿದೆ, ಅಷ್ಟೆ. ಬಿಸಿಯಲ್ಲಿ ಹುಟ್ಟುವ ದೋಷವನ್ನು ಬಿಸಿಯಲ್ಲಿಯೇ ನೋಡಬೇಕು. ತಣ್ಣಗಾದ ಯಂತ್ರವು ಸಾಕ್ಷ್ಯವನ್ನು ಅಳಿಸಿಹಾಕಿದ ಯಂತ್ರ.

ಮೈಸೂರಿನ ಯಂತ್ರ

ಈ ವಿಚಾರವನ್ನು ಅರಿಯಲು ಕನ್ನಡಿಗರಿಗೆ ದೂರದ ಉದಾಹರಣೆ ಬೇಕಾಗಿಲ್ಲ. ಚೆಕೊಸ್ಲೊವಾಕಿಯಾದಲ್ಲಿ 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು ವಾಂಡರರ್ ಎಂಬ ಜರ್ಮನ್ ಮೋಟಾರು ಸೈಕಲ್ಲಿನ ತಯಾರಿಕೆಯ ಹಕ್ಕನ್ನು ಕೊಂಡು ಉದ್ಯಮವೊಂದನ್ನು ಆರಂಭಿಸಿದನು. ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಅದಕ್ಕೆ ‘ಜಾವಾ’ ಎಂದು ಹೆಸರಿಟ್ಟನು. ಆ ಸಂಸ್ಥೆಯ ಪರವಾನಗಿಯಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. 1961ರಿಂದ ಅಲ್ಲಿ ತಯಾರಾದ 250 ಸಿ.ಸಿ. ಜಾವಾ ಬಂಡಿಗಳು ನಾಡಿನ ರಸ್ತೆಗಳಲ್ಲಿ ಮನೆಮಾತಾದವು. 1973ರಲ್ಲಿ ಅವಕ್ಕೆ ‘ಯೆಜ್ಡಿ’ ಎಂಬ ಹೊಸ ಹೆಸರು ಬಂದಿತು. ಅದರ ಮೂಲ ಇರಾನಿನ ಯಜ್ದ್ ನಗರದ ಹೆಸರು. ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿದರೂ ಅದು ಹೆತ್ತ ಬಂಡಿಗಳು ಇಂದಿಗೂ ಅನೇಕ ಮನೆಗಳ ಮುಂದೆ ನಿಂತಿವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅವುಗಳ ಅಭಿಮಾನಿಗಳು ಊರೂರುಗಳಲ್ಲಿ ಸಾಲುಗಟ್ಟಿ ಹೊರಡುತ್ತಾರೆ. ಗೇರು ಬದಲಿಸುವ ಕಡ್ಡಿಯನ್ನೇ ಮೇಲಕ್ಕೆ ಮಡಿಸಿ ಒದೆಯುವ ಕಡ್ಡಿಯನ್ನಾಗಿ ಬಳಸುವ ಅದರ ಜಾಣತನವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಇಲ್ಲಿ ಜಾವಾವನ್ನು ಆರಿಸಿಕೊಂಡಿರುವುದು ಅಭಿಮಾನದಿಂದ ಮಾತ್ರವಲ್ಲ. ಅದರ ರಚನೆ ಸರಳ. ಒಂದೇ ಸಿಲಿಂಡರು, ಎರಡು ಸ್ಟ್ರೋಕಿನ ಎಂಜಿನು, ಆರು ವೋಲ್ಟಿನ ಬ್ಯಾಟರಿ, ಒಂದು ಕಾಯಿಲ್, ಒಂದು ಜೊತೆ ಪಾಯಿಂಟು, ಒಂದು ಕಂಡೆನ್ಸರ್. ಕಣ್ಣಿಗೆ ಕಾಣುವಂತಹ, ಕೈಯಿಂದ ಬಿಚ್ಚಬಹುದಾದಂತಹ ಈ ಭಾಗಗಳಲ್ಲಿ ಬಿಸಿಯ ಲೀಲೆಯನ್ನು ಅರ್ಥಮಾಡಿಕೊಂಡವನಿಗೆ ಬೇರೆ ಯಾವ ಬಂಡಿಯೂ ಒಗಟಾಗಲಾರದು.

ಬಿಸಿಯು ಮಾಡುವುದೇನು?

ಯಾವ ಪೆಟ್ರೋಲು ಎಂಜಿನಿಗೂ ಬೇಕಾದವು ಮೂರು: ತಕ್ಕ ಪ್ರಮಾಣದಲ್ಲಿ ಬೆರೆತ ಗಾಳಿ ಮತ್ತು ಪೆಟ್ರೋಲು, ಅದನ್ನು ಬಿಗಿಯಾಗಿ ಒತ್ತುವ ಸಿಲಿಂಡರು, ಸಕಾಲಕ್ಕೆ ಹಾರುವ ಕಿಡಿ. ಈ ಮೂರರಲ್ಲಿ ಒಂದು ತಪ್ಪಿದರೂ ಎಂಜಿನು ನಿಲ್ಲುತ್ತದೆ. ಬಿಸಿಯು ಈ ಮೂರನ್ನೂ ಬೇರೆ ಬೇರೆ ಬಗೆಯಲ್ಲಿ ಕಾಡಬಲ್ಲುದು. ಅದು ಪೆಟ್ರೋಲನ್ನು ಆವಿಯಾಗಿಸುತ್ತದೆ, ಲೋಹವನ್ನು ಹಿಗ್ಗಿಸುತ್ತದೆ, ತಂತಿಯಲ್ಲಿ ವಿದ್ಯುತ್ತಿಗೆ ಅಡ್ಡಿಯನ್ನು ಹೆಚ್ಚಿಸುತ್ತದೆ, ಹೊದಿಕೆಯ ಹಳೆಯ ಬಿರುಕುಗಳನ್ನು ಬಾಯಿ ತೆರೆಯಿಸುತ್ತದೆ.

ಯಾವುದು ತಪ್ಪಿತೆಂಬುದನ್ನು ಎಂಜಿನು ನಿಲ್ಲುವ ರೀತಿಯೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ದೀಪವನ್ನು ಆರಿಸಿದಂತೆ ಥಟ್ಟನೆ ನಿಂತರೆ ಸಂಶಯವು ಕಿಡಿಯ ಮೇಲೆ ಹೋಗಬೇಕು. ಕೆಮ್ಮುತ್ತ, ಶಕ್ತಿಗುಂದುತ್ತ, ಕೆಲವು ಕ್ಷಣ ತಡವರಿಸಿ ನಿಂತರೆ ಪೆಟ್ರೋಲಿನ ಮೇಲೆ. ಯಾರೋ ಹಿಂದಿನಿಂದ ಹಿಡಿದೆಳೆದಂತೆ ಬಿಗಿಯಾಗುತ್ತ ನಿಂತರೆ ಪಿಸ್ಟನ್ನಿನ ಮೇಲೆ. ಹಳೆಯ ಮೆಕ್ಯಾನಿಕ್ಕುಗಳು ಬಂಡಿಯನ್ನು ಮುಟ್ಟುವ ಮೊದಲೇ “ಹೇಗೆ ನಿಂತಿತು?” ಎಂದು ಕೇಳುವುದು ಈ ಕಾರಣದಿಂದಲೇ. ಈ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಸವಾರನೊಬ್ಬನೇ.

ಕಾಗೆ ಕೂತದ್ದೂ ಕೊಂಬೆ ಮುರಿದದ್ದೂ

ಬಿಸಿಗೆ ಸಂಬಂಧವೇ ಇಲ್ಲದೆ ಬಿಸಿಯ ಮೇಲೆ ಅಪವಾದ ಹೊರಿಸುವ ದೋಷವೊಂದಿದೆ. ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಅದನ್ನೇ. ಏಕೆಂದರೆ ಅದರ ಪರೀಕ್ಷೆಗೆ ಒಂದು ಕಾಸಿನ ಖರ್ಚೂ ಇಲ್ಲ.

ಪೆಟ್ರೋಲು ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ರಂಧ್ರವಿರುತ್ತದೆ. ಟ್ಯಾಂಕಿನಿಂದ ಪೆಟ್ರೋಲು ಕೆಳಗಿಳಿದಂತೆಲ್ಲ ಅದರ ಸ್ಥಳವನ್ನು ತುಂಬಲು ಅಷ್ಟೇ ಗಾಳಿ ಒಳಗೆ ಬರಬೇಕು. ಧೂಳಿನಿಂದಲೋ ತುಕ್ಕಿನಿಂದಲೋ ರಂಧ್ರ ಮುಚ್ಚಿಹೋದರೆ ಟ್ಯಾಂಕಿನೊಳಗೆ ಒತ್ತಡ ಇಳಿಯುತ್ತದೆ, ಪೆಟ್ರೋಲು ಕೆಳಗಿಳಿಯಲು ಒಲ್ಲದು. ತುಂಬಿದ ಡಬ್ಬಿಗೆ ಒಂದೇ ತೂತು ಮಾಡಿ ಎಣ್ಣೆಯನ್ನು ಬಗ್ಗಿಸಲು ಹೊರಟ ಗೃಹಿಣಿಯರಿಗೆ ಈ ತತ್ತ್ವವನ್ನು ಬೋಧಿಸಬೇಕಾಗಿಲ್ಲ. ಎರಡನೆಯ ತೂತು ಬಿದ್ದ ಹೊರತು ಎಣ್ಣೆ ಸರಾಗವಾಗಿ ಬೀಳುವುದಿಲ್ಲ. ಕಾರ್ಬುರೇಟರಿನ ಬಟ್ಟಲಿನಲ್ಲಿದ್ದ ಪೆಟ್ರೋಲು ತೀರಿದೊಡನೆ ಎಂಜಿನು ನಿಲ್ಲುತ್ತದೆ. ನಿಂತ ಮೇಲೆ ಗಾಳಿಯು ಸಂದಿಗೊಂದಿಗಳಿಂದ ಮೆಲ್ಲನೆ ನುಸುಳಿ ಒಳಗೆ ಸೇರುತ್ತದೆ; ಪೆಟ್ರೋಲು ಮತ್ತೆ ಇಳಿಯುತ್ತದೆ; ಬಂಡಿ ಹೊರಡುತ್ತದೆ.

ಈ ಅವಧಿಯಲ್ಲಿ ಎಂಜಿನು ಬಿಸಿಯಾಗಿದ್ದುದೂ ನಿಜ, ತಣ್ಣಗಾದುದೂ ನಿಜ. ಆದರೆ ನಿಂತದ್ದಕ್ಕೂ ಹೊರಟದ್ದಕ್ಕೂ ಅದು ಕಾರಣವಲ್ಲ. ನಮ್ಮ ಹಿರಿಯರು ಇಂತಹ ಸಂದರ್ಭಕ್ಕೆ ‘ಕಾಕತಾಳೀಯ’ ಎಂಬ ಮಾತನ್ನು ಕೊಟ್ಟುಹೋಗಿದ್ದಾರೆ. ಬಂಡಿ ನಿಂತೊಡನೆ ಮುಚ್ಚಳವನ್ನು ತೆರೆಯಬೇಕು. ‘ಸುಂಯ್’ ಎಂದು ಗಾಳಿ ಒಳಸೇರುವ ಸದ್ದು ಕೇಳಿ, ಒಂದೆರಡು ನಿಮಿಷದಲ್ಲಿ ಎಂಜಿನು ಮತ್ತೆ ಹೊರಟರೆ ರೋಗ ಸಿಕ್ಕಿತೆಂದೇ ಅರ್ಥ. ಟ್ಯಾಂಕಿನ ತುಕ್ಕಿನ ಪುಡಿಯು ನಲ್ಲಿಯ ಜಾಲರಿಯಲ್ಲಿ ಕೂಡಿಕೊಂಡಾಗಲೂ ಇದೇ ಬಗೆಯ ತೊಂದರೆ ತಲೆದೋರುತ್ತದೆ. ನಿಧಾನವಾಗಿ ಹೋಗುವಾಗ ಸಾಲುವ ಪೆಟ್ರೋಲು ವೇಗ ಹೆಚ್ಚಿದಾಗ ಸಾಲದೆ ಹೋಗುತ್ತದೆ.

ಪೆಟ್ರೋಲು ಆವಿಯಾದಾಗ

ಪೆಟ್ರೋಲು ನೀರಿನಂತೆ ಒಂದೇ ವಸ್ತುವಲ್ಲ, ಹಲವು ದ್ರವಗಳ ಮಿಶ್ರಣ. ಅದರ ಅತಿ ಹಗುರವಾದ ಅಂಶಗಳು 40 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೇ ಕುದಿಯತೊಡಗುತ್ತವೆ. ಭಾರವಾದವು 200 ಡಿಗ್ರಿಯ ಸುತ್ತಮುತ್ತ. ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುವಾಗ, ಕಾಯ್ದ ಸಿಲಿಂಡರಿನ ಪಕ್ಕದಲ್ಲಿ ಹಾದುಹೋಗುವ ಪೆಟ್ರೋಲು ಕೊಳವೆಯ ಪಾಡೇನು? ಒಳಗೆ ಆವಿಯ ಗುಳ್ಳೆಗಳು ಕಟ್ಟಿಕೊಂಡು ದ್ರವಕ್ಕೆ ದಾರಿ ಕೊಡುವುದಿಲ್ಲ. ಕೊಳವೆಯನ್ನು ಸಿಲಿಂಡರಿನಿಂದ ದೂರ ಸರಿಸಿ, ಅದು ಎಲ್ಲಿಯೂ ಮೇಲಕ್ಕೆ ಡೊಂಕಾಗದಂತೆ ಇಳಿಜಾರಾಗಿ ಜೋಡಿಸುವುದರಿಂದಲೇ ಎಷ್ಟೋ ಬಂಡಿಗಳು ಗುಣವಾಗುತ್ತವೆ.

ಮತ್ತೊಂದು ವಿಚಿತ್ರವನ್ನೂ ಗಮನಿಸಬೇಕು. ಓಡುತ್ತಿರುವ ಬಂಡಿಯ ಕಾರ್ಬುರೇಟರು ಬೀಸುವ ಗಾಳಿಯಿಂದ ತಂಪಾಗಿರುತ್ತದೆ. ಬಂಡಿಯನ್ನು ನಿಲ್ಲಿಸಿದೊಡನೆ ಗಾಳಿ ಇಲ್ಲವಾಗುತ್ತದೆ; ಸಿಲಿಂಡರಿನ ಕಾವು ಹಿಂದಕ್ಕೆ ಹರಿದು ಕಾರ್ಬುರೇಟರನ್ನು ಮೊದಲಿಗಿಂತಲೂ ಹೆಚ್ಚು ಕಾಯಿಸುತ್ತದೆ. ಚಹಾ ಅಂಗಡಿಯ ಮುಂದೆ ನಿಲ್ಲಿಸುವವರೆಗೂ ಚೆನ್ನಾಗಿದ್ದ ಬಂಡಿ, ಚಹಾ ಕುಡಿದು ಬರುವಷ್ಟರಲ್ಲಿ ಮೊಂಡು ಹಿಡಿಯುವುದು ಇದರಿಂದಲೇ. ಆಗ ಒಳಗೆ ಪೆಟ್ರೋಲಿನ ಆವಿ ಅತಿಯಾಗಿ ತುಂಬಿರುತ್ತದೆ. ಚೋಕ್ ಹಾಕಿದರೆ ಕೆಟ್ಟದ್ದು ಇಮ್ಮಡಿಯಾಗುತ್ತದೆ. ಚೋಕ್ ತೆಗೆದು, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಕೆಲವು ಬಾರಿ ಒದ್ದರೆ ಹೆಚ್ಚಿನ ಆವಿ ಹೊರಹೋಗಿ ಎಂಜಿನು ಹೊರಡುತ್ತದೆ.

ಚೋಕ್ ಕಥೆ ಇನ್ನೂ ಸರಳ. ತಣ್ಣಗಿರುವ ಎಂಜಿನಿಗೆ ಪೆಟ್ರೋಲು ಹೆಚ್ಚಾಗಿ ಬೇಕು, ಬಿಸಿಯಾದುದಕ್ಕೆ ಬೇಡ. ಚೋಕ್ ತಂತಿಯು ಸಿಕ್ಕಿಕೊಂಡು ಅರ್ಧ ಹಾಕಿದಂತೆಯೇ ಉಳಿದಿದ್ದರೆ, ಬೆಳಿಗ್ಗೆ ಅಮೃತವಾಗಿದ್ದುದೇ ಹತ್ತು ನಿಮಿಷದ ಮೇಲೆ ಅಜೀರ್ಣವಾಗುತ್ತದೆ. ಪ್ಲಗ್ಗನ್ನು ಬಿಚ್ಚಿ ನೋಡಿದರೆ ಮಸಿ ಬಳಿದಂತೆ ಕಪ್ಪಾಗಿರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಹಳೆಯ ಬಂಡಿಗಳಿಗೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಅದಕ್ಕೆಂದು ತಯಾರಿಸದ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಅರವತ್ತರ, ಎಪ್ಪತ್ತರ ದಶಕದ ಬಂಡಿಯುಳ್ಳವರು ಪೆಟ್ರೋಲು ಕೊಳವೆಯನ್ನೂ ನಲ್ಲಿಯ ವಾಷರುಗಳನ್ನೂ ಆಗಾಗ ನೋಡಿ ಬದಲಿಸುವುದು ಲೇಸು. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲು ನಿಲ್ಲಿಸಿಡುವುದು ತರವಲ್ಲ.

ಕಿಡಿ ಏಕೆ ಕಾಣೆಯಾಗುತ್ತದೆ?

ಥಟ್ಟನೆ ನಿಂತು, ತಣ್ಣಗಾಗುವವರೆಗೂ ಏಳದ ಬಂಡಿಯಲ್ಲಿ ಅನೇಕ ಸಲ ಅಪರಾಧಿಯಾಗಿರುವುದು ಕಾಯಿಲ್ ಅಥವಾ ಕಂಡೆನ್ಸರ್.

ಆರು ವೋಲ್ಟಿನ ಬ್ಯಾಟರಿಯು ನೇರವಾಗಿ ಕಿಡಿ ಹಾರಿಸಲಾರದು. ಕಾಯಿಲ್ಲಿನೊಳಗೆ ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತುಗಳೂ, ಕೂದಲೆಳೆಯಂತಹ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಪಾಯಿಂಟುಗಳು ಕೂಡಿದಾಗ ದಪ್ಪ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಅವು ಬೇರ್ಪಟ್ಟ ಕ್ಷಣದಲ್ಲಿ ಆ ಹರಿವು ಕಡಿದುಹೋಗಿ, ಸಣ್ಣ ತಂತಿಯಲ್ಲಿ ಹತ್ತು ಸಾವಿರಕ್ಕೂ ಮೇಲ್ಪಟ್ಟ ವೋಲ್ಟುಗಳು ಚಿಮ್ಮಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತವೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ ಇದಕ್ಕೆ ಆಧಾರ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗ ಎರಡು ಸ್ಟ್ರೋಕಿನ ಬಂಡಿಯಲ್ಲಿ ಪ್ರತಿ ಸುತ್ತಿಗೊಂದರಂತೆ ಸೆಕೆಂಡಿಗೆ 50 ಕಿಡಿಗಳು ಹಾರಬೇಕು. ಒಂದೂ ತಪ್ಪುವಂತಿಲ್ಲ!

ಇನ್ನು ಬಿಸಿಯ ಕೆಲಸವನ್ನು ನೋಡೋಣ. ತಾಮ್ರದ ತಂತಿಯ ಅಡ್ಡಿಯು ಒಂದು ಡಿಗ್ರಿ ಕಾವಿಗೆ ನೂರಕ್ಕೆ ಸುಮಾರು 0.4ರಷ್ಟು ಏರುತ್ತದೆ. ಕಾಯಿಲ್ಲು 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯ್ದರೆ ಅಡ್ಡಿಯು ಸುಮಾರು ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಹರಿಯುವ ವಿದ್ಯುತ್ತು ಕಾಲು ಭಾಗದಷ್ಟು ಕುಗ್ಗುತ್ತದೆ. ಆರೋಗ್ಯವಂತ ಕಾಯಿಲ್ಲು ಇದನ್ನು ಸಹಿಸಿಕೊಳ್ಳುತ್ತದೆ. ಮುದಿಯಾದುದರಲ್ಲಿ ತಂತಿಯ ಮೇಲಿನ ಅರಗಿನ ಲೇಪ ಬಿರಿದಿರುತ್ತದೆ. ಬಿಸಿಗೆ ತಂತಿ ಹಿಗ್ಗಿದಾಗ ಒಂದು ಸುತ್ತಿನ ವಿದ್ಯುತ್ತು ಇನ್ನೊಂದಕ್ಕೆ ಸೋರಿಹೋಗುತ್ತದೆ, ಇಲ್ಲವೆ ಒಳಗೆಲ್ಲೋ ತುಂಡಾದ ತಂತಿಯ ತುದಿಗಳು ದೂರ ಸರಿಯುತ್ತವೆ. ತಣ್ಣಗಾದೊಡನೆ ತುದಿಗಳು ಮತ್ತೆ ಕೂಡಿಕೊಳ್ಳುತ್ತವೆ, ಕಿಡಿ ಮರಳುತ್ತದೆ. ಗ್ಯಾರೇಜಿನಲ್ಲಿ ದೋಷ ಕಾಣದಿರುವ ರಹಸ್ಯ ಇದೇ.

ಕಂಡೆನ್ಸರು ಹೆಬ್ಬೆರಳಿನಷ್ಟು ಚಿಕ್ಕ ಡಬ್ಬಿ. ಪಾಯಿಂಟುಗಳು ಬೇರ್ಪಡುವಾಗ ಅಲ್ಲಿಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ತಡೆಯುವುದು ಅದರ ಕೆಲಸ. ಜಾವಾ ಬಂಡಿಯಲ್ಲಿ ಅದೂ ಪಾಯಿಂಟುಗಳೂ ಕ್ರ್ಯಾಂಕಿನ ತುದಿಯಲ್ಲಿರುವ ಡೈನಮೋವಿನ ಜೊತೆಗೆ, ಎಂಜಿನಿನ ಕಾವಿನ ಮಗ್ಗುಲಲ್ಲಿಯೇ ವಾಸಿಸುತ್ತವೆ. ಕಂಡೆನ್ಸರಿನ ಒಳಪದರ ಸೋರತೊಡಗಿದರೆ ಪಾಯಿಂಟಿನಲ್ಲಿ ನೀಲಿ ಬೆಂಕಿ ಕುಣಿಯುತ್ತದೆ, ಪ್ಲಗ್ಗಿನಲ್ಲಿ ಕಿಡಿ ಸಾಯುತ್ತದೆ. ಪಾಯಿಂಟುಗಳ ಮುಖ ಸುಟ್ಟು, ಒಂದರ ಮೇಲೆ ಗುಳಿಯೂ ಇನ್ನೊಂದರ ಮೇಲೆ ಗುಬುಟೂ ಎದ್ದಿದ್ದರೆ ಕಂಡೆನ್ಸರನ್ನು ಶಂಕಿಸಬೇಕು. ಪಾಯಿಂಟುಗಳ ನಡುವಣ ಅಂತರ ಜಾವಾದಲ್ಲಿ 0.4 ಮಿಲಿಮೀಟರು. ಅವುಗಳನ್ನು ತೆರೆಯುವ ನಾರುಗಟ್ಟೆಯ ಗುಬ್ಬಿ ಸವೆದಂತೆ ಆ ಅಂತರ ಕಿರಿದಾಗುತ್ತದೆ. ಕಿಡಿಯ ಹೊತ್ತೂ ಏರುಪೇರಾಗುತ್ತದೆ.

ಪ್ಲಗ್ಗನ್ನು ಮರೆಯುವಂತಿಲ್ಲ. ಅದರ ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೂ ಬಿಸಿಯಲ್ಲಿ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಎರಡು ಸ್ಟ್ರೋಕಿನ ಬಂಡಿಗಳಲ್ಲಿ, ಪ್ಲಗ್ಗಿನ ಎರಡು ತುದಿಗಳ ನಡುವೆ ಇದ್ದಲಿನ ಕಣವೊಂದು ಕೂದಲೆಳೆಯ ಸೇತುವೆ ಕಟ್ಟುವುದೂ ಉಂಟು. ಸೇತುವೆ ಬಿದ್ದಿತೋ, ಕಿಡಿಯೇ ಇಲ್ಲ. ಅದನ್ನು ಉಗುರಿನಿಂದ ಕಿತ್ತುಹಾಕಿದರೆ ಬಂಡಿ ಹೊಸ ಜೀವ ತಳೆಯುತ್ತದೆ!

ಲೋಹವು ಹಿಗ್ಗಿದಾಗ

ಮೂರನೆಯ ಬಗೆಯು ವಿರಳ, ಆದರೆ ಅತ್ಯಂತ ಅಪಾಯಕರ. ಹಳೆಯ ಜಾವಾದ ಪಿಸ್ಟನ್ನು ಅಲ್ಯುಮಿನಿಯಮ್ಮಿನದು, ಸಿಲಿಂಡರು ಎರಕದ ಕಬ್ಬಿಣದ್ದು, ಅಡ್ಡಳತೆ 65 ಮಿಲಿಮೀಟರು. ನೂರು ಡಿಗ್ರಿ ಕಾವೇರಿದರೆ ಆ ಅಳತೆಯ ಅಲ್ಯುಮಿನಿಯಮ್ ಸುಮಾರು 0.15 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ಇವೆರಡರ ನಡುವೆ ಬಿಟ್ಟಿರುವ ಸಂದಿಯೂ, ಅದನ್ನು ತುಂಬುವ ಎಣ್ಣೆಯ ಪೊರೆಯೂ ಈ ವ್ಯತ್ಯಾಸವನ್ನು ತಾಳಿಕೊಳ್ಳಲೆಂದೇ ಇರುವುವು. ಪೆಟ್ರೋಲಿಗೆ ಬೆರೆಸುವ ಎಣ್ಣೆಯಲ್ಲಿ ಜಿಪುಣತನ ತೋರಿದರೆ, ಅಥವಾ ಕ್ರ್ಯಾಂಕಿನ ರಬ್ಬರು ಸೀಲು ಗಡುಸಾಗಿ ಅಲ್ಲಿಂದ ಗಾಳಿ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲು ಕಡಮೆಯಾದರೆ, ಪಿಸ್ಟನ್ನು ಮಿತಿಮೀರಿ ಕಾಯ್ದು ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ. ಹಿಂದಿನ ಚಕ್ರ ಓಡುತ್ತಿರುವಂತೆಯೇ ಬಿಗಿದುಕೊಂಡು ಬಂಡಿ ಜಾರಬಹುದು. ಎಂಜಿನು ಬಿಗಿಯುತ್ತಿರುವ ಸೂಚನೆ ಸಿಕ್ಕಿದ ಕ್ಷಣವೇ ಕ್ಲಚ್ಚನ್ನು ಹಿಡಿದು, ಆಕ್ಸಿಲರೇಟರನ್ನು ಬಿಟ್ಟು, ಬದಿಗೆ ಸರಿಯಬೇಕು. ತಣ್ಣಗಾದ ಮೇಲೆ ಅದು ಹೊರಟರೂ ಹಾಗೆಯೇ ಓಡಿಸುವುದು ಸಲ್ಲದು. ಸಿಲಿಂಡರನ್ನು ಬಿಚ್ಚಿ ನೋಡಿಸಬೇಕು.

ಸೈಲೆನ್ಸರಿನಲ್ಲಿ ಇದ್ದಲು ತುಂಬಿಕೊಂಡರೂ ಹೊಗೆಗೆ ದಾರಿಯಿಲ್ಲದೆ ಎಂಜಿನು ಕಾಯ್ದು ಕಂಗೆಡುತ್ತದೆ. ನಾಲ್ಕು ಸ್ಟ್ರೋಕಿನ ಬಂಡಿಗಳಲ್ಲಿಯಾದರೆ ವಾಲ್ವುಗಳನ್ನು ನೋಡಬೇಕು. ನಿಗದಿಯಾದ ಸಂದಿಗಿಂತ ಬಿಗಿಯಾಗಿ ಕೂರಿಸಿದ ವಾಲ್ವಿನ ಕಾಂಡವು ಬಿಸಿಗೆ ಉದ್ದವಾಗಿ, ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಹೋಗುತ್ತದೆ. ಆಗ ಒತ್ತಡ ಸೋರಿ, ಸಿಗ್ನಲ್ಲಿನ ಮುಂದೆ ನಿಂತಾಗಲೆಲ್ಲ ಎಂಜಿನು ಆರಿಹೋಗುತ್ತದೆ.

ನಿಂತ ಕ್ಷಣವೇ ಪರೀಕ್ಷೆಯ ಕ್ಷಣ

ಹಾಗಾದರೆ ದಾರಿಯಲ್ಲಿ ನಿಂತಾಗ ಮಾಡಬೇಕಾದುದೇನು? ಒದೆಯುತ್ತ ಹೋಗುವುದಲ್ಲ, ಕಾಯುತ್ತ ಕೂರುವುದೂ ಅಲ್ಲ. ಮೊದಲ ಐದು ನಿಮಿಷಗಳೇ ಬೆಲೆಯುಳ್ಳವು. ಬಂಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಹಿಂದೆ ಕುಳಿತವರನ್ನು ದೂರ ನಿಲ್ಲಿಸಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಈ ಕ್ರಮವನ್ನು ಅನುಸರಿಸಬೇಕು.

ಒಂದು: ಟ್ಯಾಂಕಿನ ಮುಚ್ಚಳ ತೆರೆದು ಸದ್ದು ಕೇಳುವುದು, ಒಳಗೆ ಪೆಟ್ರೋಲಿದೆಯೇ ಎಂದು ನೋಡುವುದು. ಮತ್ತೆ ಮುಚ್ಚುವುದು.

ಎರಡು: ಪ್ಲಗ್ಗನ್ನು ಬಿಚ್ಚಿ ಅದರ ತುದಿಯನ್ನು ನೋಡುವುದು. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿಯಿಲ್ಲ. ಇಲ್ಲವೆ ಪೆಟ್ರೋಲು ಅತಿಯಾಗಿದೆ.

ಮೂರು: ಒಣಗಿಸಿದ ಪ್ಲಗ್ಗನ್ನು ಅದರ ತಂತಿಗೆ ಸಿಕ್ಕಿಸಿ, ಲೋಹದ ಮೈಯನ್ನು ಎಂಜಿನಿಗೆ ತಾಗಿಸಿಟ್ಟು, ರಬ್ಬರಿನ ಟೊಪ್ಪಿಗೆಯನ್ನು ಮಾತ್ರ ಹಿಡಿದು ಒದೆಯುವುದು. ಪ್ಲಗ್ಗಿನ ರಂಧ್ರದಿಂದ ಪೆಟ್ರೋಲಿನ ಆವಿ ಚಿಮ್ಮುವುದರಿಂದ, ಕಿಡಿ ಹಾರುವ ತುದಿಯನ್ನು ಅದರಿಂದ ಸಾಕಷ್ಟು ದೂರವಿಡಬೇಕು. ಚೆಲ್ಲಿದ ಪೆಟ್ರೋಲಿದ್ದರೆ ಈ ಪರೀಕ್ಷೆ ಬೇಡವೇ ಬೇಡ. ಚಟಪಟನೆ ಹಾರುವ ನೀಲಿ ಕಿಡಿ ಆರೋಗ್ಯದ ಲಕ್ಷಣ. ಪೇಲವವಾದ ಹಳದಿ ಕಿಡಿಯೋ, ಕಿಡಿಯೇ ಇಲ್ಲದಿರುವುದೋ ಕಂಡರೆ ದೋಷ ವಿದ್ಯುತ್ತಿನದು. ಒಂದು ಎಚ್ಚರಿಕೆ: ಬಯಲಿನ ಗಾಳಿಯಲ್ಲಿ ಹಾರುವ ದುರ್ಬಲ ಕಿಡಿಯು ಸಿಲಿಂಡರಿನ ಒತ್ತಡದಲ್ಲಿ ಹಾರದೆ ಹೋಗಬಹುದು. ಇಲ್ಲಿ ಕಿಡಿ ಕಂಡಿತೆಂದು ಕಾಯಿಲ್ಲನ್ನು ನಿರಪರಾಧಿಯೆಂದು ಬಿಟ್ಟುಬಿಡುವಂತಿಲ್ಲ.

ನಾಲ್ಕು: ಜೊತೆಯಲ್ಲಿ ತಂದಿರುವ ಹೊಸ ಪ್ಲಗ್ಗನ್ನು ಹಾಕಿ ನೋಡುವುದು. ಬಿಸಿಯಿರುವಾಗಲೇ ಬಂಡಿ ಹೊರಟರೆ ಪ್ಲಗ್ಗೇ ಕಾರಣ.

ಐದು: ಸ್ವಿಚ್ಚನ್ನು ಆರಿಸಿ, ಹಿಂಡಿದ ಒದ್ದೆ ಬಟ್ಟೆಯನ್ನು ಕಾಯಿಲ್ಲಿನ ಲೋಹದ ಮೈಗೆ ಸುತ್ತುವುದು. ತಂತಿಯ ತುದಿಗಳಿಗೆ ನೀರು ತಾಗಬಾರದು. ಎಂಜಿನು ಇನ್ನೂ ಸುಡುತ್ತಿರುವಾಗಲೇ ಕಾಯಿಲ್ಲು ಮಾತ್ರ ತಂಪಾಗಿ ಬಂಡಿ ಹೊರಟಿತೆಂದರೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಾಗಿಲ್ಲ. ಇದೇ ಉಪಾಯವನ್ನು ಪೆಟ್ರೋಲು ಕೊಳವೆಗೂ ಕಾರ್ಬುರೇಟರಿಗೂ ಪ್ರಯೋಗಿಸಬಹುದು. ಆದರೆ ಕಾಯ್ದ ಸಿಲಿಂಡರಿನ ಮೇಲೆ ತಣ್ಣೀರು ಎರಚುವ ಸಾಹಸ ಸಲ್ಲದು; ಎರಕದ ಲೋಹ ಬಿರಿದೀತು.

ಮನೆಗೆ ಬಂದ ಮೇಲೆ ಇದರ ತಿರುವುಮುರುವು ಪರೀಕ್ಷೆಯನ್ನೂ ಮಾಡಬಹುದು. ಶಂಕಿತ ಕಾಯಿಲ್ಲನ್ನೋ ಕಂಡೆನ್ಸರನ್ನೋ ಕೂದಲೊಣಗಿಸುವ ಯಂತ್ರದ ಬಿಸಿಗಾಳಿಯಿಂದ ಕಾಯಿಸಿ, ತಣ್ಣಗಿದ್ದಾಗಿನ ಅಳತೆಯನ್ನೂ ಬಿಸಿಯಾದಾಗಿನ ಅಳತೆಯನ್ನೂ ಮೀಟರಿನಿಂದ ಹೋಲಿಸಿದರೆ ಅಡಗಿದ್ದ ದೋಷ ಮೇಲಕ್ಕೆ ಬರುತ್ತದೆ. ಈ ಎಲ್ಲ ಸಂದರ್ಭಗಳಲ್ಲಿಯೂ ಒಂದು ನಿಯಮವನ್ನು ಮೀರಬಾರದು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದಾಗ ಬಂಡಿ ಗುಣವಾದರೂ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ. ಮೂರು ಒಳ್ಳೆಯ ಭಾಗಗಳು ಗುಜರಿ ಸೇರಿರುತ್ತವೆ.

ಹೊಸ ಬಂಡಿ, ಹಳೆಯ ಪಾಠ

ಜಾವಾ ಹೆಸರು 2018ರಲ್ಲಿ ಮತ್ತೆ ನಮ್ಮ ರಸ್ತೆಗಿಳಿಯಿತು, ಯೆಜ್ಡಿ 2022ರಲ್ಲಿ. ಹೆಸರು ಹಳೆಯದಾದರೂ ಯಂತ್ರ ಬೇರೆ. ನಾಲ್ಕು ಸ್ಟ್ರೋಕು, ದ್ರವದಿಂದ ತಂಪಾಗುವ ಸಿಲಿಂಡರು, ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ವ್ಯವಸ್ಥೆ. ಪಾಯಿಂಟು, ಕಂಡೆನ್ಸರುಗಳು ಅಲ್ಲಿಲ್ಲ. ಒತ್ತಡದಲ್ಲಿರುವ ಪೆಟ್ರೋಲು ಸುಲಭವಾಗಿ ಆವಿಯಾಗುವುದೂ ಇಲ್ಲ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಗೆಯ ಹೊಸ ನಿಯಮಗಳಿಂದಾಗಿ ಕಾರ್ಬುರೇಟರು ಹೊಸ ಬಂಡಿಗಳಿಂದ ಬಹುತೇಕ ಮರೆಯಾಗಿದೆ.

ಆದರೂ ಕ್ರ್ಯಾಂಕಿನ ಸ್ಥಾನವನ್ನು ಅರಿತು ಕಿಡಿಗೆ ಸಮಯ ಹೇಳುವ ಸಂವೇದಕದೊಳಗೂ ಸಣ್ಣ ತಂತಿಯ ಸುತ್ತುಗಳೇ ಇವೆ. ಬಿಸಿಗೆ ಅದು ಕಡಿದು ತಣ್ಣಗಾದಾಗ ಕೂಡಿಕೊಳ್ಳುವುದು ಇಂದಿಗೂ ಉಂಟು. ಗಣಕದ ನೆನಪಿನಲ್ಲಿ ದೋಷದ ಸಂಕೇತ ದಾಖಲಾಗಿದ್ದರೆ ಕೆಲಸ ಹಗುರ. ಇಲ್ಲದಿದ್ದರೆ ಎಷ್ಟು ಕಿಲೋಮೀಟರಿಗೆ ನಿಂತಿತು, ಥಟ್ಟನೆ ನಿಂತಿತೋ ತಡವರಿಸಿ ನಿಂತಿತೋ, ಮುಚ್ಚಳ ತೆರೆದಾಗ ಸದ್ದು ಬಂದಿತೋ, ಎಷ್ಟು ಹೊತ್ತಿನ ಮೇಲೆ ಹೊರಟಿತು ಎಂಬ ಹಳೆಯ ಪ್ರಶ್ನೆಗಳೇ ಮತ್ತೆ ಬರುತ್ತವೆ. ಬಂಡಿಯನ್ನು ಗ್ಯಾರೇಜಿಗೆ ಬಿಡುವಾಗ ಈ ನಾಲ್ಕು ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, “ಬಿಸಿಯಾಗುವವರೆಗೆ ಓಡಿಸಿ, ನಿಂತಾಗಲೇ ನೋಡಿ” ಎಂದು ಹೇಳುವ ಸವಾರನು ಮೆಕ್ಯಾನಿಕ್ಕನ ಅರ್ಧ ಕೆಲಸವನ್ನು ತಾನೇ ಮುಗಿಸಿರುತ್ತಾನೆ.

ಆಸನದ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಪ್ಲಗ್ ಸ್ಪ್ಯಾನರು, ಒಂದು ಹೊಸ ಪ್ಲಗ್ಗು, ಒಣಗಿದ ಬಟ್ಟೆಯ ತುಂಡು, ಒಂದು ಬಾಟಲಿ ನೀರು ಇವಿಷ್ಟಿದ್ದರೆ ಸಾಕು. ನಂಜನಗೂಡಿನ ದಾರಿಯಾಗಲಿ, ಆಗುಂಬೆಯ ತಿರುವಾಗಲಿ, ಮೌನಗೊಂಡ ಬಂಡಿಯ ಬಳಿ ನಿಂತವನಿಗೆ ಆಮೇಲೆ ಬೇಕಾಗುವುದು ಐದು ನಿಮಿಷಗಳ ತಾಳ್ಮೆ.